ಕನ್ನಡಿಯೊಳಗಿನ ‘ಅ’: ತೀರ್ಥಹಳ್ಳಿ ಕಡೆಯ ಆರು ಟ್ಯಾಬ್ಲೆಟ್‌ಗಳ ಪ್ರಕರಣ

ಕಳೆದ ಮಳೆಗಾಲದ ಶುರುವಿನಲ್ಲಿ ನನ್ನ ರಿಪೇರಿ ಅಂಗಡಿಗೆ ಒಂದು ಅಡಿಕೆ ಚೀಲ ಬಂತು. ಒಳಗೆ ಹಳೆ ಟವೆಲ್‌ನಲ್ಲಿ ಸುತ್ತಿದ ಆರು ಟ್ಯಾಬ್ಲೆಟ್. ಏಳಿಂಚಿನವು, ಕಪ್ಪು ಬಣ್ಣ, ಎಲ್ಲವೂ ಒಂದೇ ಅಚ್ಚಿನಿಂದ ತೆಗೆದ ಹಾಗಿದ್ದವು. ತಂದವರು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯ ಒಂದು ಊರಿನ ಓದುವ ಮನೆಯನ್ನು ನೋಡಿಕೊಳ್ಳುವ ಅಕ್ಕ. "ಗುಜರಿಗೆ ಹಾಕೋ ಮುಂಚೆ ಒಂದ್ಸಲ ನೋಡಿಬಿಡಿ" ಅಂದರು.

ಊರು ಬಿಟ್ಟು ಕೆಲಸಕ್ಕೆ ಹೋದ ಹಳೆ ವಿದ್ಯಾರ್ಥಿಗಳು ದುಡ್ಡು ಕೂಡಿಸಿ ಕೊಡಿಸಿದ್ದ ಟ್ಯಾಬ್ಲೆಟ್‌ಗಳು ಅವು. ಮಾರಿದ ಕಂಪನಿ ಮಕ್ಕಳ ಪಾಠದ ಒಂದು ಆ್ಯಪ್ ಹಾಕಿಕೊಟ್ಟಿತ್ತು. ಆನ್ ಮಾಡಿದರೆ ನೇರ ಆ ಆ್ಯಪ್‌ಗೇ ಹೋಗುತ್ತದೆ. ಹೊರಗೆ ಬರಲು ದಾರಿ ಇಲ್ಲ. ಮೊದಲಿಗೆ ಲಾಗಿನ್ ಕೇಳುತ್ತದೆ, ಅದಕ್ಕೆ ಕಂಪನಿಯ ಸರ್ವರ್ ಉತ್ತರ ಕೊಡಬೇಕು. ಒಂದು ದಿನ ಆ ಸರ್ವರ್ ನಿಂತುಹೋಯಿತು. ಫೋನ್ ಎತ್ತುವವರೂ ಇಲ್ಲ. ಅಂದಿನಿಂದ ಆರೂ ಟ್ಯಾಬ್ಲೆಟ್ ಬೀರುವಿನಲ್ಲಿ ಕೂತಿದ್ದವು. ಫ್ಯಾಕ್ಟರಿ ರೀಸೆಟ್ ಮಾಡಿದರೂ ಅದೇ ಆ್ಯಪ್ ಮತ್ತೆ ಎದ್ದು ಬರುತ್ತಿತ್ತು, ಯಾಕೆಂದರೆ ಅದನ್ನು ಸಿಸ್ಟಮ್ ಭಾಗದಲ್ಲೇ ಕೂರಿಸಿದ್ದರು.

ನನಗೆ ಬೇಜಾರಾಗಿದ್ದು ಇಲ್ಲಿಯೇ. ಪರದೆ ಸರಿಯಿದೆ. ಬ್ಯಾಟರಿ ಚಾರ್ಜ್ ಆಗುತ್ತದೆ. ಬೆರಳಿಟ್ಟರೆ ಸ್ಪಂದಿಸುತ್ತದೆ. ವಸ್ತು ಕೆಟ್ಟಿಲ್ಲ, ಆದರೂ ಸತ್ತಿದೆ. ಎಲ್ಲೋ ಇರುವ ಒಂದು ಸರ್ವರ್ ಆರಿಸಿದರೆ ನಮ್ಮ ಊರಿನ ಮಕ್ಕಳ ಕೈಯಲ್ಲಿರುವ ವಸ್ತು ಸಾಯುತ್ತದೆ ಅಂದರೆ ಅದನ್ನು ನಾವು ಕೊಂಡಿದ್ದಾದರೂ ಏನು, ಅಲ್ವಾ?

ಒಳಗೆ ಏನಿದೆ

ಹಿಂಬದಿಯ ಮುಚ್ಚಳವನ್ನು ಹಳೆ ಎಟಿಎಂ ಕಾರ್ಡಿನ ಅಂಚಿನಿಂದ ಬಿಡಿಸಿದೆ. ಬೋರ್ಡಿನ ಮೇಲೆ ಆಲ್‌ವಿನ್ನರ್ ಎ33 ಚಿಪ್. ನಾಲ್ಕು ಕೋರ್, 512 ಎಂಬಿ ರ‍್ಯಾಮ್, 800 ಬೈ 480 ಪರದೆ, ಆಂಡ್ರಾಯ್ಡ್ 4.4. ಇಂಥ ಏಳಿಂಚಿನ ಅಗ್ಗದ ಟ್ಯಾಬ್ಲೆಟ್‌ಗಳಿಗೆ ಕ್ಯೂ8 ಅಂತ ಹೆಸರಿದೆ. ನೂರಾರು ಬ್ರ್ಯಾಂಡ್ ಹೆಸರಿನಲ್ಲಿ ಮಾರಾಟವಾದರೂ ಒಳಗಿನ ಹೂರಣ ಹೆಚ್ಚುಕಡಿಮೆ ಒಂದೇ. 2012ರ ನವೆಂಬರ್‌ನಲ್ಲಿ ದೇಶದ ವಿದ್ಯಾರ್ಥಿಗಳಿಗೆಂದು ಬಿಡುಗಡೆಯಾದ ಆಕಾಶ್-2 ಕೂಡ ಇದೇ ಕುಟುಂಬದ ಎ13 ಚಿಪ್ ಇಟ್ಟುಕೊಂಡಿತ್ತು. ಅದಕ್ಕೆ ಐಐಟಿ ಬಾಂಬೆಯವರು ಎಸ್‌ಡಿ ಕಾರ್ಡಿನಿಂದ ನಡೆಯುವ ಲಿನಕ್ಸ್ (ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ಕಾರ್ಯಾಚರಣೆ ವ್ಯವಸ್ಥೆ) ತಯಾರಿಸಿ ಕೊಟ್ಟಿದ್ದರು. ಅಂದರೆ ಆಂಡ್ರಾಯ್ಡ್ ಬಿಟ್ಟು ಕಾರ್ಡಿನಿಂದ ಲಿನಕ್ಸ್ ಓಡಿಸುವ, ನಾವು ಹಿಡಿದ ಈ ದಾರಿ ಹೊಸದೇನಲ್ಲ.

ಆಂಡ್ರಾಯ್ಡ್‌ನ ತಳದಲ್ಲಿ ಇರುವುದೂ ಲಿನಕ್ಸ್ ಕರ್ನಲ್ಲೇ, ಅಂದರೆ ಯಂತ್ರದ ಭಾಗಗಳನ್ನೆಲ್ಲ ನಡೆಸುವ ತಿರುಳು. ಆದರೆ ತಯಾರಕರು ಒಂದು ಹಳೆ ಕರ್ನಲ್ ತೆಗೆದುಕೊಂಡು, ತಮ್ಮ ತೇಪೆ ಹಾಕಿ, ಹಾಗೇ ಬಿಟ್ಟುಬಿಡುತ್ತಾರೆ. ಲಿನಕ್ಸಿಗೆ ಇರುವ ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನ ಪ್ರಕಾರ ಕರ್ನಲ್ ಹಂಚಿದವರು ಅದರ ಸೋರ್ಸ್ ಕೋಡನ್ನೂ (ಮನುಷ್ಯರು ಓದಿ ತಿದ್ದಬಲ್ಲ ಮೂಲ ಬರಹ) ಕೊಡಬೇಕು. ನಮಗೆ ಮಾರಿದವರು ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಮುಂದಿನ ಅರ್ಧ ಒದ್ದಾಟ ತಪ್ಪುತ್ತಿತ್ತು.

ಆ ಆ್ಯಪ್ ಒಂದನ್ನು ಕಿತ್ತು ಆಂಡ್ರಾಯ್ಡ್ ಉಳಿಸಿಕೊಂಡರೆ ಸಾಲದೇ ಎಂದು ಅಕ್ಕನ ಮಗ ಕೇಳಿದ. ಅವನು ಶಿವಮೊಗ್ಗದಲ್ಲಿ ಡಿಪ್ಲೊಮಾ ಓದುವ ಹುಡುಗ, ರಜೆಯಲ್ಲಿ ನನ್ನ ಜೊತೆ ಕೂತಿದ್ದ. ಒಳ್ಳೆ ಪ್ರಶ್ನೆ. ಆದರೆ 4.4 ಬಂದದ್ದು 2013ರಲ್ಲಿ. ಅದರೊಳಗಿನ ಭದ್ರತಾ ಸರ್ಟಿಫಿಕೇಟ್‌ಗಳು ಹಳಸಿವೆ, ಇವತ್ತಿನ ಎಷ್ಟೋ ತಾಣಗಳು ಅದರ ಬ್ರೌಸರ್‌ನಲ್ಲಿ ತೆರೆಯುವುದೇ ಇಲ್ಲ. ಹೊಸ ಆ್ಯಪ್‌ಗಳು ಅದರ ಮೇಲೆ ಕೂರುವುದಿಲ್ಲ. ಹತ್ತು ವರ್ಷ ಹಿಂದಕ್ಕೆ ಹೋಗಿ ಬಾಗಿಲು ಹಾಕಿಕೊಂಡ ಹಾಗಾಗುತ್ತದೆ.

ನಾನು ಮಾಡಿದ ತಪ್ಪು

ಮೊದಲ ವಾರ ನಾನು ಅವಸರ ಮಾಡಿದೆ. ಎಲ್ಲೋ ಸಿಕ್ಕ ಒಂದು ರಾಮ್ (ROM) ಫೈಲನ್ನು, ಅಂದರೆ ಟ್ಯಾಬ್ಲೆಟ್ಟಿನ ಪೂರ್ತಿ ಸಾಫ್ಟ್‌ವೇರಿನ ನಕಲನ್ನು, ಚಿಪ್ ಒಂದೇ ಅಲ್ವಾ ಅಂದುಕೊಂಡು, ಎರಡನೇ ಟ್ಯಾಬ್ಲೆಟ್‌ಗೆ ಬರೆದುಬಿಟ್ಟೆ. ಚಿತ್ರ ಬಂತು. ಬೆರಳಿಗೆ ಮಾತ್ರ ಅದು ಕಲ್ಲಾಯಿತು. ಎಷ್ಟು ಒತ್ತಿದರೂ ಏನೂ ಇಲ್ಲ. ಅದರಲ್ಲಿದ್ದ ಮೂಲ ಸಾಫ್ಟ್‌ವೇರ್ ಅಳಿಸಿಹೋಗಿತ್ತು, ನಾನು ಬ್ಯಾಕಪ್ ತೆಗೆದುಕೊಂಡಿರಲಿಲ್ಲ. ಬೇರೆಯವರ ವಸ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಗಿದ್ದಿಷ್ಟು. ಈ ಟ್ಯಾಬ್ಲೆಟ್‌ಗಳಲ್ಲಿ ಟಚ್ ನೋಡಿಕೊಳ್ಳುವುದು ಸೈಲೆಡ್ ಎಂಬ ಕಂಪನಿಯ ಜಿಎಸ್‌ಎಲ್1680 ಚಿಪ್. ಅದಕ್ಕೆ ತನ್ನದೇ ನೆನಪಿಲ್ಲ. ಪ್ರತಿ ಸಲ ಆನ್ ಆದಾಗಲೂ ಡ್ರೈವರ್ (ಚಿಪ್ಪನ್ನು ನಡೆಸುವ, ಕರ್ನಲ್ಲಿನ ಪ್ರೋಗ್ರಾಮ್) ಅದಕ್ಕೆ ಫರ್ಮ್‌ವೇರ್ (ಚಿಪ್ಪಿನೊಳಗೇ ಓಡುವ ಪುಟ್ಟ ಪ್ರೋಗ್ರಾಮ್) ತುಂಬಿಸಬೇಕು. ಗಾಜಿನಡಿಯ ತಂತಿಗಳು ಹೇಗೆ ಹಾದುಹೋಗಿವೆ, ಎಷ್ಟಿವೆ, ಯಾವ ಮೂಲೆಯಿಂದ ಎಣಿಸಬೇಕು ಅನ್ನುವುದೆಲ್ಲ ಆ ಫರ್ಮ್‌ವೇರಿನಲ್ಲಿದೆ. ಹಾಗಾಗಿ ಒಂದು ಮಾದರಿಯ ಫರ್ಮ್‌ವೇರ್ ಇನ್ನೊಂದಕ್ಕೆ ಆಗುವುದಿಲ್ಲ. ಬೇರೆ ಮನೆಯ ಬೀಗದ ಕೈ ತಂದು ನಮ್ಮ ಬಾಗಿಲಿಗೆ ಹಾಕಿದ ಹಾಗೆ.

ಪುಣ್ಯಕ್ಕೆ ಉಳಿದ ಐದರಲ್ಲಿ ಮೂಲ ಆಂಡ್ರಾಯ್ಡ್ ಹಾಗೇ ಇತ್ತು, ಕಂಪ್ಯೂಟರಿನಿಂದ ಒಳಗೆ ಹೋಗಲು ಬಿಡುವ ಯುಎಸ್‌ಬಿ ಡಿಬಗ್ಗಿಂಗ್ ಕೂಡ ತೆರೆದೇ ಇತ್ತು. ಈ ಸಲ ಮೊದಲು ಐದರ ಮೆಮೊರಿಯನ್ನೂ ಪೂರ್ತಿ ನಕಲು ಮಾಡಿಟ್ಟುಕೊಂಡೆವು. ಆಮೇಲೆ ಎರಡು ಫೈಲ್ ಹುಡುಕಿದೆವು. ಒಂದು, ಟಚ್ ಡ್ರೈವರಿನ ಮಾಡ್ಯೂಲ್. ಫರ್ಮ್‌ವೇರ್ ಅದರ ಹೊಟ್ಟೆಯಲ್ಲೇ ಇತ್ತು, ಅದನ್ನು ಹೊರತೆಗೆಯುವ ಸ್ಕ್ರಿಪ್ಟನ್ನು ಯಾರೋ ಆಗಲೇ ಬರೆದು ಹಂಚಿದ್ದರು. ಇನ್ನೊಂದು, ಆಲ್‌ವಿನ್ನರ್ ಟ್ಯಾಬ್ಲೆಟ್‌ಗಳಲ್ಲಿ ಇರುವ ಸ್ಕ್ರಿಪ್ಟ್ ಬಿನ್ ಎಂಬ ಫೈಲ್. ಇದು ಆ ಬೋರ್ಡಿನ ಜಾತಕ. ಯಾವ ಪಿನ್ನಿಗೆ ಏನು ಜೋಡಿಸಿದೆ, ಪರದೆಯ ಅಳತೆ ಎಷ್ಟು, ಟಚ್ ಚಿಪ್ ಯಾವುದು, ಎಲ್ಲ ಅದರಲ್ಲಿದೆ. ಅದನ್ನು ಓದಬಲ್ಲ ಅಕ್ಷರಕ್ಕೆ ತಿರುಗಿಸುವ ಉಪಕರಣವನ್ನೂ ಲಿನಕ್ಸ್-ಸನ್‌ಶಿ ಬಳಗದವರು ಬರೆದಿಟ್ಟಿದ್ದಾರೆ. ಆಲ್‌ವಿನ್ನರ್ ಚಿಪ್‌ಗಳಿಗೆ, ಎಲ್ಲರೂ ಕೂಡಿ ಬೆಳೆಸುವ ಮುಖ್ಯ ಲಿನಕ್ಸ್‌ನಲ್ಲಿ ಬೆಂಬಲ ಬಂದದ್ದು ಬಹುಮಟ್ಟಿಗೆ ಇಂಥ ಸ್ವಯಂಸೇವಕರ ದುಡಿಮೆಯಿಂದ.

ಕಾರ್ಡಿನಿಂದ ಎದ್ದದ್ದು

ಈ ಚಿಪ್‌ಗಳಲ್ಲಿ ಒಂದು ಒಳ್ಳೆ ಗುಣವಿದೆ. ಆನ್ ಆದ ತಕ್ಷಣ ಮೊದಲು ಎಸ್‌ಡಿ ಕಾರ್ಡ್ ನೋಡುತ್ತವೆ. ಅದರಲ್ಲಿ ಬೂಟ್ ಆಗುವಂಥದ್ದು ಸಿಕ್ಕರೆ ಅಲ್ಲಿಂದಲೇ ಏಳುತ್ತವೆ, ಒಳಗಿನ ಮೆಮೊರಿ ಕಡೆ ಹೋಗುವುದೇ ಇಲ್ಲ. ಹಾಗಾಗಿ ಮೂಲ ಆಂಡ್ರಾಯ್ಡನ್ನು ಮುಟ್ಟದೆ ಪ್ರಯೋಗ ಮಾಡಬಹುದು. ಕಾರ್ಡ್ ತೆಗೆದರೆ ಟ್ಯಾಬ್ಲೆಟ್ ಹಿಂದಿನ ಹಾಗೇ. ನಾನು ಕೆಡಿಸಿದ ಎರಡನೇ ಟ್ಯಾಬ್ಲೆಟ್ಟಿಗೂ ಇದೇ ದಾರಿ ಉಳಿದಿತ್ತು.

ಯು-ಬೂಟ್ ಎಂಬ ಬೂಟ್‌ಲೋಡರಿನ (ಮೊದಲು ತಾನು ಎದ್ದು ಆಮೇಲೆ ಕರ್ನಲ್ಲನ್ನು ಎಬ್ಬಿಸುವ ಪ್ರೋಗ್ರಾಮ್) ಸೋರ್ಸ್ ತಂದೆವು. ಎ33 ಕ್ಯೂ8 ಟ್ಯಾಬ್ಲೆಟ್, 800 ಬೈ 480 ಪರದೆ ಎಂದು ಹೆಸರಿಟ್ಟ ಒಂದು ಸಿದ್ಧ ಸಂರಚನೆ ಅದರಲ್ಲಿ ಮೊದಲೇ ಇದೆ. ನೋಡಿ ಇಬ್ಬರಿಗೂ ಖುಷಿಯಾಯಿತು. ಯಾವ ಅಂಗಡಿಯವನೂ ಬೆಲೆ ಕೊಡದ ಈ ಟ್ಯಾಬ್ಲೆಟ್ಟನ್ನು ಎಲ್ಲೋ ಯಾರೋ ಕೂತು ಹೆಸರು ಹಿಡಿದು ಬರೆದಿದ್ದಾರೆ! ಅದನ್ನು ಲ್ಯಾಪ್‌ಟಾಪ್‌ನಲ್ಲಿ ಕಂಪೈಲ್ ಮಾಡಿ, ಅಂದರೆ ಚಿಪ್ಪಿಗೆ ಅರ್ಥವಾಗುವ ರೂಪಕ್ಕೆ ತಿರುಗಿಸಿ, ಕಾರ್ಡಿನ ಆರಂಭದಿಂದ 8 ಕಿಲೋಬೈಟ್ ಬಿಟ್ಟು ಬರೆದೆವು. ಚಿಪ್ ಹುಡುಕುವುದು ಅದೇ ಜಾಗದಲ್ಲಿ. ಅದರ ಹಿಂದೆ ಡೆಬಿಯನ್ 12 ಎಂಬ ಲಿನಕ್ಸ್ ಹಾಕಿದೆವು.

ಪರದೆ ಏಳುವ ಮೊದಲೇ ಒಳಗೆ ಏನು ನಡೆಯುತ್ತಿದೆ ಎಂದು ನೋಡಲು ಸೀರಿಯಲ್ ತಂತಿ ಬೇಕು. ಬೋರ್ಡಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ಎರಡು ತಾಮ್ರದ ಚುಕ್ಕಿಗಳಿದ್ದವು. ಹುಡುಗ ಟಾರ್ಚ್ ಹಿಡಿದ, ನಾನು ಕೂದಲೆಳೆಯಂಥ ತಂತಿ ಬೆಸೆದೆ. ಇನ್ನೊಂದು ತುದಿ 3.3 ವೋಲ್ಟಿನ ಯುಎಸ್‌ಬಿ ಅಡಾಪ್ಟರಿಗೆ. ಇಲ್ಲಿ 5 ವೋಲ್ಟಿನದನ್ನು ಹಾಕಿದರೆ ಚಿಪ್ಪೇ ಸುಟ್ಟೀತು, ಹುಷಾರು. ವೇಗ ಸೆಕೆಂಡಿಗೆ 115200 ಬಿಟ್. ಪವರ್ ಬಟನ್ ಒತ್ತಿದೆವು. ಲ್ಯಾಪ್‌ಟಾಪ್ ಪರದೆಯ ಮೇಲೆ ಒಂದೊಂದೇ ಸಾಲು ಮೂಡತೊಡಗಿತು. ಯು-ಬೂಟ್ ತನ್ನ ಹೆಸರು ಹೇಳಿತು, ರ‍್ಯಾಮ್ 512 ಎಂದು ಎಣಿಸಿತು, ಕರ್ನಲ್ ಎದ್ದಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಹೊರಗೆ ಪುನರ್ವಸು ಮಳೆ ಹಂಚಿನ ಮೇಲೆ ಹೊಡೆಯುತ್ತಿತ್ತು. ಕತ್ತಲ ಅಂಗಡಿಯಲ್ಲಿ ಬೆಳಕಿದ್ದದ್ದು ಎರಡೇ ಕಡೆ, ಲ್ಯಾಪ್‌ಟಾಪಿನಲ್ಲಿ ಮತ್ತು ಈ ಟ್ಯಾಬ್ಲೆಟ್ಟಿನಲ್ಲಿ. ನಮ್ಮ ಕಡೆ ಮಳೆಗಾಲದಲ್ಲಿ ಡೆಸ್ಕ್‌ಟಾಪ್ ಕಂಪ್ಯೂಟರಿಗಿಂತ ಬ್ಯಾಟರಿಯ ಮೇಲೆ ನಡೆಯುವ ಇಂಥದ್ದೇ ಮಕ್ಕಳಿಗೆ ಹೆಚ್ಚು ಉಪಯೋಗ ಅಂತ ನನಗೆ ಆಗಲೇ ಅನಿಸಿತು.

ಬೆರಳು

ಪರದೆ ಬಂತು. ಟಚ್ ಬರಲಿಲ್ಲ. ಇದು ಗೊತ್ತಿದ್ದದ್ದೇ.

ಚಿಪ್ ಇದೆಯೋ ಇಲ್ಲವೋ ಎಂದು ಮೊದಲು ನೋಡಬೇಕು. ಟಚ್ ಚಿಪ್ ಐ2ಸಿ ಎಂಬ ಎರಡು ತಂತಿಯ ದಾರಿಯಲ್ಲಿ ಕೂತಿರುತ್ತದೆ, ಪ್ರತಿ ಚಿಪ್ಪಿಗೂ ಒಂದು ಮನೆ ನಂಬರ್. ಆ ಬೀದಿಯ ಎಲ್ಲ ಮನೆಯ ಬಾಗಿಲು ತಟ್ಟುವ ಒಂದು ಪುಟ್ಟ ಕಮಾಂಡ್ ಇದೆ. ಓಡಿಸಿದರೆ ಗೆರೆ ಗೆರೆಯ ಒಂದು ಕೋಷ್ಟಕ ಬರುತ್ತದೆ. ಎಲ್ಲ ಕಡೆ ಅಡ್ಡಗೆರೆ, ಒಂದು ಕಡೆ ಮಾತ್ರ 40. ಜಾತಕದ ಫೈಲಿನಲ್ಲೂ ಟಚ್ ಚಿಪ್ಪಿನ ವಿಳಾಸ ಅದೇ ಇತ್ತು. ಚಿಪ್ ಬದುಕಿದೆ, ಫರ್ಮ್‌ವೇರಿಗೆ ಕಾಯುತ್ತಿದೆ, ಅಷ್ಟೇ.

ಈ ಸೈಲೆಡ್ ಚಿಪ್ಪಿಗೆ ಡ್ರೈವರ್ ಮುಖ್ಯ ಲಿನಕ್ಸ್ ಕರ್ನಲ್ಲಿಗೆ ಸೇರಿದ್ದು 2016ರಲ್ಲಿ. ಕರ್ನಲ್ಲಿಗೆ ಒಮ್ಮೆ ಸೇರಿದ ಡ್ರೈವರನ್ನು, ಒಳಗಿನ ವ್ಯವಸ್ಥೆ ಬದಲಾದಾಗಲೆಲ್ಲ, ಬದಲಾಯಿಸಿದವರೇ ಸರಿಮಾಡಿಕೊಂಡು ಹೋಗಬೇಕು ಎನ್ನುವುದು ಅಲ್ಲಿನ ಪದ್ಧತಿ. ನಮ್ಮ ಪ್ರಕರಣದಲ್ಲಿ ಎಲ್ಲ ನಿಂತದ್ದು ಈ ಪದ್ಧತಿಯ ಮೇಲೆ. ಟ್ಯಾಬ್ಲೆಟ್ ಮಾರಿದವರು ಒಮ್ಮೆ ಬರೆದು ಬಿಟ್ಟ ಡ್ರೈವರ್ ಅವರ ಹಳೆ ಕರ್ನಲ್ಲಿಗೆ ಮಾತ್ರ ಸರಿ. ಮುಖ್ಯ ಕರ್ನಲ್ಲಿನ ಡ್ರೈವರ್ ಇಷ್ಟು ವರ್ಷ ಆದ ಮೇಲೂ ಡೆಬಿಯನ್ 12ರ 6.1 ಕರ್ನಲ್ಲಿನಲ್ಲಿ ಹಾಗೇ ಕೆಲಸ ಮಾಡುತ್ತದೆ. ಬರೆದವರಿಗೆ ತೀರ್ಥಹಳ್ಳಿ ಎಲ್ಲಿದೆ ಅಂತ ಗೊತ್ತಿಲ್ಲ. ಅವರು ಬಾಗಿಲು ತೆರೆದಿಟ್ಟು ಹೋಗಿದ್ದರಿಂದ ನಾವು ಒಳಗೆ ಹೋದೆವು. ಅವರಿಗೆ ನಾನು ಮನಸ್ಸಾರೆ ಋಣಿ.

ಹೊರತೆಗೆದ ಫರ್ಮ್‌ವೇರನ್ನು ಅದರ ಫೋಲ್ಡರಿನಲ್ಲಿಟ್ಟೆವು. ಬೋರ್ಡಿನಲ್ಲಿ ಏನೇನಿದೆ ಎಂದು ಕರ್ನಲ್ಲಿಗೆ ಹೇಳುವ ಡಿವೈಸ್ ಟ್ರೀ ಎಂಬ ವಿವರಣೆಯ ಫೈಲಿನಲ್ಲಿ ಅದರ ಹೆಸರನ್ನೂ ಟಚ್‌ನ ಅಗಲ ಎತ್ತರವನ್ನೂ ಬರೆದೆವು. ಮತ್ತೆ ಬೂಟ್. ಬಾಣದ ಗುರುತು ಬೆರಳಿನ ಜೊತೆ ಅಲುಗಾಡಿತು! ಹುಡುಗ ಎದ್ದುನಿಂತು ಚಪ್ಪಾಳೆ ಹೊಡೆದ.

ಅಂಗಡಿಗೆ ಬಂದಿದ್ದ ಪಕ್ಕದ ಮನೆಯ ಮಗುವಿಗೆ ಟಕ್ಸ್ ಪೇಂಟ್ ಎಂಬ ಚಿತ್ರ ಬಿಡಿಸುವ ಪ್ರೋಗ್ರಾಮ್ ತೆರೆದುಕೊಟ್ಟೆವು. ಅವಳು ಒಂದನೇ ತರಗತಿ. ನಾಲಿಗೆ ಹೊರಗೆ ಚಾಚಿ, ಮೆಲ್ಲಗೆ ‘ಅ’ ಬರೆದಳು. ಪರದೆಯ ಮೇಲೆ ಬಂದದ್ದು ಕನ್ನಡಿಯಲ್ಲಿ ನೋಡಿದ ‘ಅ’. ಬೆರಳು ಬಲಕ್ಕೆ ಹೋದರೆ ಗೆರೆ ಎಡಕ್ಕೆ ಹೋಗುತ್ತಿತ್ತು. ಅವಳು ಅಳಿಸಿ ಮತ್ತೆ ಬರೆದಳು. ಮತ್ತೆ ಹಾಗೇ. "ನಂಗೆ ಬರಲ್ಲ" ಎಂದು ಕೈ ಹಿಂದಕ್ಕೆ ತೆಗೆದಳು. ನಿನ್ನ ತಪ್ಪಲ್ಲ ಪುಟ್ಟಾ, ಟ್ಯಾಬ್ಲೆಟ್ಟಿನದು ಅಂತ ಅವಳಿಗೆ ಒಪ್ಪಿಸಲು ಹೊತ್ತು ಹಿಡಿಯಿತು.

ಜಾತಕದ ಫೈಲನ್ನು ಮತ್ತೆ ಓದಿದೆವು. ಅಡ್ಡದಿಕ್ಕನ್ನು ತಿರುಗಿಸು ಎನ್ನುವ ಸಾಲಿನ ಮುಂದೆ 1 ಎಂದು ಸ್ಪಷ್ಟವಾಗಿ ಇತ್ತು, ನಾವು ಗಮನಿಸಿರಲಿಲ್ಲ. ಡಿವೈಸ್ ಟ್ರೀಯಲ್ಲಿ ಅದಕ್ಕೆ ಸಮನಾದ ಒಂದೇ ಒಂದು ಸಾಲು ಸೇರಿಸಿದೆವು. ಐದು ನಿಮಿಷದಲ್ಲಿ ಮತ್ತೆ ಅವಳ ಮುಂದಿಟ್ಟೆವು. ಈ ಸಲ ‘ಅ’ ನೆಟ್ಟಗೆ ಬಂತು. ಅವಳು ಪರದೆ ತುಂಬ ‘ಅ’ ಬರೆದಳು.

ಒಂದು ಮಾತು ಹೇಳಲೇಬೇಕು. ಆ ಫರ್ಮ್‌ವೇರ್ ಮುಕ್ತವಲ್ಲ. ಅದರ ಸೋರ್ಸ್ ಹೊರಗಿನವರ ಬಳಿ ಇಲ್ಲ. ನಮ್ಮ ಟ್ಯಾಬ್ಲೆಟ್ಟಿನಿಂದಲೇ ತೆಗೆದು ನಮ್ಮ ಟ್ಯಾಬ್ಲೆಟ್ಟಿಗೇ ಹಾಕಿದೆವು ಅನ್ನುವುದು ನಿಜ, ಆದರೆ ಹಳೆ ಆಂಡ್ರಾಯ್ಡ್ ಉಳಿದ ಟ್ಯಾಬ್ಲೆಟ್ ಒಂದೂ ಇರದಿದ್ದರೆ ಅದನ್ನು ಎಲ್ಲಿಂದ ತರುವುದು? ಚಿಪ್ ಮಾಡಿದವರು ಆ ಕೆಲವು ಕಿಲೋಬೈಟನ್ನು ಹಂಚಲು ಒಪ್ಪಿಗೆ ಕೊಟ್ಟರೆ ಸಾಕು, ಎಷ್ಟೋ ಟ್ಯಾಬ್ಲೆಟ್ ಗುಜರಿಯಿಂದ ಎದ್ದು ಬರುತ್ತವೆ.

ಕನ್ನಡ ಕೂರಿಸಿದ್ದು

ಇದು ಸುಲಭವಾಯಿತು. ಡೆಬಿಯನ್‌ನಲ್ಲಿ ಲೋಹಿತ್ ಕನ್ನಡ ಇದೆ, ಗುಬ್ಬಿ ಇದೆ, ಕೈಬರಹದಂಥ ನವಿಲು ಇದೆ. ಎಲ್ಲವೂ ಮುಕ್ತ ಫಾಂಟ್‌ಗಳು. ಒತ್ತಕ್ಷರ ಸರಿ ಕೂರುತ್ತದೋ ಎಂದು ನೋಡಲು ನಾನು ಯಾವಾಗಲೂ ಬರೆಯುವ ಪದ ‘ತೀರ್ಥಹಳ್ಳಿ’. ದೀರ್ಘ, ಅರ್ಕಾವತ್ತು, ಒತ್ತು ಮೂರೂ ಅದರಲ್ಲಿವೆ. ಸರಿಯಾಗಿ ಬಂತು. ಟೈಪ್ ಮಾಡಲು ಕೀಲಿಮಣೆಯ ಪಟ್ಟಿಯಲ್ಲಿ ಕಗಪ ವಿನ್ಯಾಸ ಮೊದಲೇ ಇದೆ. ಕೆ.ಪಿ. ರಾವ್ ಅವರು ರೂಪಿಸಿದ್ದರ ಮೇಲೆ ನಿಂತ ವಿನ್ಯಾಸ ಅದು, ಅಕ್ಕನಿಗೆ ಮೊದಲೇ ಕೈಯಲ್ಲಿತ್ತು.

ಓದಲು ಕೋರೀಡರ್ ಹಾಕಿದೆವು. ಇದು ಇ-ಪುಸ್ತಕ ಓದುವ ಮುಕ್ತ ತಂತ್ರಾಂಶ, ಕಡಿಮೆ ಮೆಮೊರಿಯಲ್ಲೂ ನಡೆಯುತ್ತದೆ. ಓದುವ ಮನೆಯ ಮೂಲೆಯಲ್ಲಿ ಒಂದು ಹಳೆ ಡೆಸ್ಕ್‌ಟಾಪ್ ಇತ್ತು. ಅದರಲ್ಲಿ ಕಿವಿಕ್ಸ್ ಎಂಬ ತಂತ್ರಾಂಶದ ಮೂಲಕ ಕನ್ನಡ ವಿಕಿಪೀಡಿಯದ ಪೂರ್ತಿ ನಕಲು ಇಟ್ಟೆವು. ಟ್ಯಾಬ್ಲೆಟ್‌ಗಳು ಒಳಗಿನ ವೈಫೈಯಲ್ಲೇ ಅದನ್ನು ಓದುತ್ತವೆ, ಇಂಟರ್ನೆಟ್ ಬೇಡ. ಮಳೆಗೆ ನೆಟ್‌ವರ್ಕ್ ಎರಡು ದಿನ ಇಲ್ಲದಿದ್ದರೂ ಚಿಂತೆಯಿಲ್ಲ. ಪುಟ ತೆರೆಯುವುದು ನಿಧಾನ, 512 ಎಂಬಿಯಲ್ಲಿ ಬ್ರೌಸರ್ ಏದುಸಿರು ಬಿಡುತ್ತದೆ. ಮೆಮೊರಿಯನ್ನು ಒತ್ತಿ ಇಡುವ ಝಡ್‌ರ‍್ಯಾಮ್ ಹಾಕಿದ ಮೇಲೆ ಸ್ವಲ್ಪ ಸುಧಾರಿಸಿತು. ಮಕ್ಕಳು ಸುಮ್ನೆ ಬಟನ್ ಒತ್ತಿ ಆರಿಸಿಬಿಡುತ್ತಾರೆ, ಹಾಗಾಗಿ ಕಾರ್ಡಿನ ಸಿಸ್ಟಮ್ ಭಾಗವನ್ನು ಓದಲು ಮಾತ್ರ ಎಂದು ಕಟ್ಟಿಹಾಕಿದ್ದೇವೆ. ಏನೇ ಆದರೂ ಮತ್ತೆ ಆನ್ ಮಾಡಿದರೆ ಮೊದಲಿನ ಹಾಗೇ.

ಖರ್ಚು ಬಂದದ್ದು ಐದು ಮೈಕ್ರೊ ಎಸ್‌ಡಿ ಕಾರ್ಡಿಗೆ ಮತ್ತು ಆ ಸೀರಿಯಲ್ ಅಡಾಪ್ಟರಿಗೆ. ಎರಡೂ ಶಿವಮೊಗ್ಗದಲ್ಲೇ ಸಿಕ್ಕವು. ಜಾಸ್ತಿ ಖರ್ಚಾದದ್ದು ಸಮಯ, ಸಂಜೆಗಳ ಲೆಕ್ಕದಲ್ಲಿ ಸುಮಾರು ಒಂದೂವರೆ ತಿಂಗಳು.

ಆರರ ಲೆಕ್ಕ

ಹೊರಗಿನಿಂದ ಒಂದೇ ಥರ ಇದ್ದರೂ ಒಳಗೆ ಒಂದೇ ಥರ ಇಲ್ಲ. ಕ್ಯೂ8 ಟ್ಯಾಬ್ಲೆಟ್‌ಗಳ ದೊಡ್ಡ ತಲೆನೋವು ಇದು. ಆ ವಾರ ಮಾರುಕಟ್ಟೆಯಲ್ಲಿ ಯಾವ ಚಿಪ್ ಅಗ್ಗವೋ ಅದನ್ನು ಕಾರ್ಖಾನೆಯವರು ಹಾಕಿರುತ್ತಾರೆ.

ಒಂದು, ಎರಡು, ಮೂರು, ಐದನೇ ಟ್ಯಾಬ್ಲೆಟ್‌ಗಳು ಪೂರ್ತಿ ನಡೆಯುತ್ತಿವೆ. ನಾನು ಕೆಡಿಸಿದ್ದೂ ಅದರಲ್ಲಿ ಸೇರಿದೆ. ಇವುಗಳ ವೈಫೈ ರಿಯಲ್‌ಟೆಕ್‌ನದು, ಕರ್ನಲ್ಲಿನ ಡ್ರೈವರಿಗೆ ಹೊಂದಿಕೊಂಡಿತು. ಆರನೆಯದನ್ನು ಬಿಚ್ಚಿದಾಗ ಬ್ಯಾಟರಿ ಕೊಟ್ಟೆ ಕಡುಬಿನ ಹಾಗೆ ಉಬ್ಬಿತ್ತು. ಅಂಥದ್ದನ್ನು ಚುಚ್ಚಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಅದನ್ನು ಬಿಡಿಸಿ ದೂರವಿಟ್ಟೆವು, ಉಳಿದ ಭಾಗ ಬಿಡಿಭಾಗಗಳ ಡಬ್ಬಿಗೆ ಹೋಯಿತು.

ನಾಲ್ಕನೆಯದೇ ನನ್ನನ್ನು ಕಾಡುತ್ತಿರುವುದು. ಅದರ ವೈಫೈ ಎಸ್‌ಪ್ರೆಸಿಫ್ ಕಂಪನಿಯ ಇಎಸ್‌ಪಿ8089. ಅದಕ್ಕೆ ಮುಖ್ಯ ಕರ್ನಲ್ಲಿನಲ್ಲಿ ಡ್ರೈವರ್ ಇಲ್ಲ. ಹೊರಗೆ ಕೆಲವರು ಹಳೆ ಡ್ರೈವರನ್ನು ಎತ್ತಿ ನಿಲ್ಲಿಸಲು ನೋಡಿದ್ದಾರೆ, ಆದರೆ ನಮ್ಮ ಕರ್ನಲ್ಲಿನ ಜೊತೆ ಅದು ಕಂಪೈಲ್ ಆಗಲಿಲ್ಲ. ಒಂದೇ ಚೀಲದಲ್ಲಿ ಬಂದವು, ಒಂದೇ ಬೆಲೆಗೆ ಕೊಂಡವು. ಒಂದರ ಚಿಪ್ಪಿಗೆ ಕರ್ನಲ್ಲಿನಲ್ಲಿ ಜಾಗ ಸಿಕ್ಕಿದೆ, ಇನ್ನೊಂದಕ್ಕೆ ಸಿಕ್ಕಿಲ್ಲ. ವ್ಯತ್ಯಾಸ ಅಷ್ಟೇ. ಇನ್ನು ಮುಂದೆ ಯಾರಾದರೂ ಶಾಲೆಗೋ ಓದುವ ಮನೆಗೋ ಟ್ಯಾಬ್ಲೆಟ್ ಕೊಡಿಸುತ್ತೇವೆ ಎಂದು ನನ್ನ ಬಳಿ ಬಂದರೆ, ರ‍್ಯಾಮ್ ಎಷ್ಟು ಅಂತ ಕೇಳುವ ಮೊದಲು ಚಿಪ್ ಯಾವುದು, ಅದಕ್ಕೆ ಮುಖ್ಯ ಕರ್ನಲ್ಲಿನಲ್ಲಿ ಬೆಂಬಲ ಇದೆಯಾ ಅಂತ ನೋಡಿಕೊಂಡು ಬನ್ನಿ ಅಂತಲೇ ಹೇಳುತ್ತೇನೆ.

ನಾಲ್ಕನೆಯದರಲ್ಲಿ ಈಗ ಪುಸ್ತಕಗಳು ಮಾತ್ರ ಇವೆ, ಕಾರ್ಡಿಗೇ ತುಂಬಿಸಿದ್ದು. ಊರಿನ ನಿವೃತ್ತ ಮೇಷ್ಟ್ರೊಬ್ಬರು ಅದನ್ನೇ ಕೇಳಿ ತೆಗೆದುಕೊಳ್ಳುತ್ತಾರೆ. ಅಕ್ಷರ ದೊಡ್ಡದು ಮಾಡಿಕೊಂಡು, ಜಗಲಿಯಲ್ಲಿ ಕೂತು ಓದುತ್ತಾರೆ.

ಹುಡುಗ ಕಾಲೇಜಿಗೆ ಹೋಗುವ ಮುಂಚೆ ಪ್ರತಿ ಟ್ಯಾಬ್ಲೆಟ್ಟಿನ ಹಿಂದೆ ಒಂದು ಚೀಟಿ ಅಂಟಿಸಿದ. ಟಚ್ ಚಿಪ್ ಯಾವುದು, ವೈಫೈ ಯಾವುದು, ಅಡ್ಡದಿಕ್ಕು ತಿರುಗಿಸಬೇಕಾ ಬೇಡವಾ, ಎಲ್ಲ ಕನ್ನಡದಲ್ಲಿ. ಅದೇ ವಿವರವನ್ನು, ನಮ್ಮ ಡಿವೈಸ್ ಟ್ರೀಯ ಜೊತೆ, ಇಂಥ ಟ್ಯಾಬ್ಲೆಟ್‌ಗಳ ಮಾಹಿತಿ ಕೂಡಿಸುವವರಿಗೂ ಕಳಿಸಿದ್ದೇವೆ. ಇಎಸ್‌ಪಿ8089ರ ಕಂಪೈಲ್ ದೋಷದ ಸಾಲುಗಳನ್ನೂ ಪೂರ್ತಿ ಬರೆದು ಹಾಕಿದ್ದೇವೆ. ದೀಪಾವಳಿ ರಜೆಗೆ ಅವನು ಬಂದಾಗ ಮತ್ತೆ ಅದನ್ನೇ ಹಿಡಿದು ಕೂರುವುದು ಎಂದು ಮಾತಾಗಿದೆ. ನಾಲ್ಕನೇ ಟ್ಯಾಬ್ಲೆಟ್ಟನ್ನು ಆ ನಾಲ್ಕು ದಿನ ಬಿಟ್ಟುಕೊಡಲು ಮೇಷ್ಟ್ರು ಒಪ್ಪಿದ್ದಾರೆ.